ಯೇಸು ಒಬ್ಬನೇ ಮಾರ್ಗ ಅಂದ್ರೆ ಏನು? (ಯೋಹಾನ 14:1–6, ಅಪೊಸ್ತಲರ ಕೃತ್ಯಗಳು 10)

ಕೂತ್ಕೊಳ್ಳಿ. ಬಾಗಿಲ ಹತ್ರ ನಿಂತವರು ಒಳಗೆ ಬನ್ನಿ, ಮುಂದೆ ಚಾಪೆ ಖಾಲಿ ಇದೆ.

ಇವತ್ತಿನ ವಾಕ್ಯ ಒಂದು ವಾಟ್ಸಪ್ ಮೆಸೇಜಿನಿಂದ ಹುಟ್ಟಿದ್ದು. ನಮ್ಮ ಸಭೆಯ ಒಬ್ಬ ತಂಗಿ, ಕಾಗವಾಡ ಕಡೆಯವಳು, ಪುಣೆಯಲ್ಲಿ ಕೆಲಸ ಮಾಡ್ತಾಳೆ. ಅವಳ ರೂಮ್‌ಮೇಟ್ ಸದಲಗಾದ ಜೈನ ಮನೆತನದ ಹುಡುಗಿ. ಇಬ್ಬರೂ ಒಂದೇ ಕಡೆಯವರು, ಒಂದೇ ಭಾಷೆ, ಊರಿಂದ ಬಂದ ಶೇಂಗಾ ಚಟ್ನಿ ಇಬ್ಬರಿಗೂ ಒಂದೇ ಡಬ್ಬಿಯಲ್ಲಿ. 2024ರ ಫೆಬ್ರವರಿ 18, ಭಾನುವಾರ. ಆಚಾರ್ಯ ವಿದ್ಯಾಸಾಗರ ಮಹಾರಾಜರು ಛತ್ತೀಸಗಢದ ಡೋಂಗರಗಢದಲ್ಲಿ ಸಲ್ಲೇಖನ ತಗೊಂಡು ದೇಹ ಬಿಟ್ಟರು. ನಿಮಗೆಲ್ಲ ಗೊತ್ತಿದೆ, ಅವರು ನಮ್ಮ ಚಿಕ್ಕೋಡಿ ತಾಲೂಕಿನ ಸದಲಗಾದವರು. 1946ರಲ್ಲಿ ಹುಟ್ಟಿದವರು, 1968ರಲ್ಲಿ ಅಜ್ಮೇರಿನಲ್ಲಿ ದೀಕ್ಷೆ. ಅಲ್ಲಿಂದ ಐವತ್ತೈದು ವರ್ಷ ಬರಿಗಾಲು. ಆ ದಿನ ಆ ಹುಡುಗಿ ಬೆಳಗಿನಿಂದ ಅತ್ತಳಂತೆ. ಸಂಜೆ ನಮ್ಮ ತಂಗಿ ಚರ್ಚ್ ಮುಗಿಸಿ ರೂಮಿಗೆ ಬಂದಾಗ ಕೇಳಿದ್ಳು: "ನಿಮ್ಮ ಬೈಬಲ್ ಪ್ರಕಾರ ನಮ್ಮ ಮಹಾರಾಜರು ಈಗ ಎಲ್ಲಿದ್ದಾರ? ಖರೇ ಹೇಳು."

ನಮ್ಮ ತಂಗಿ ಏನೂ ಹೇಳಲಿಲ್ಲ. ರಾತ್ರಿ ನನಗೆ ಬರೆದ್ಳು, "ಪಾಸ್ಟರ್ ಅಣ್ಣಾ, ನಾ ಏನ್ ಹೇಳ್ಲಿ?"

ಒಂದು ತಿಂಗಳು ನಾನೂ ಉತ್ತರ ಕೊಡಲಿಲ್ಲ. ಬೈಬಲ್ ಕಾಲೇಜಿನಲ್ಲಿ ಈ ವಿಷಯಕ್ಕೆ ಮೂರು ದೊಡ್ಡ ಹೆಸರು ಬರೆಸಿದ್ರು, ಪರೀಕ್ಷೆಗೆ ಹತ್ತು ಮಾರ್ಕಿನ ಪ್ರಶ್ನೆ. ನಾನು ಚೆನ್ನಾಗಿಯೇ ಬರೆದಿದ್ದೆ. ಆದರೆ ಅಳುತ್ತಾ ಕೂತ ಹುಡುಗಿಗೆ ಆ ಹತ್ತು ಮಾರ್ಕಿನ ಉತ್ತರ ಕಳಿಸೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನೋದನ್ನೂ ಇವತ್ತು ಹೇಳ್ತೀನಿ.

ಮೊದಲು ನಾನು ಎಲ್ಲಿ ನಿಂತಿದ್ದೇನೆ ಅಂತ ಹೇಳಿಬಿಡ್ತೀನಿ, ಆಮೇಲೆ ಪಾಸ್ಟರ್ ಜಾರಿಕೊಂಡ್ರು ಅನ್ನಬಾರದು. ಯೇಸು ಕ್ರಿಸ್ತನ ಹೊರತು ರಕ್ಷಣೆ ಇಲ್ಲ ಅಂತ ನಾನು ನಂಬ್ತೀನಿ. ಯೋಹಾನ 14ರಲ್ಲಿ ಕರ್ತನು ತನ್ನನ್ನೇ ದಾರಿ ಅಂತ ಕರೆದುಕೊಂಡಿದ್ದಾನೆ, ತನ್ನ ಮೂಲಕವೇ ಹೊರತು ತಂದೆಯ ಹತ್ರ ಯಾರೂ ಬರೋದಿಲ್ಲ ಅಂದಿದ್ದಾನೆ. ಅಪೊಸ್ತಲರ ಕೃತ್ಯ 4:12ರಲ್ಲಿ ಪೇತ್ರನೂ ಅದನ್ನೇ ಹೇಳ್ತಾನೆ. ಈ ಎರಡು ವಚನ ತೆಗೆದುಹಾಕಿದ್ರೆ ನಾನು ಇಲ್ಲಿ ನಿಲ್ಲೋಕೆ ಕಾರಣವೇ ಇಲ್ಲ, ಮನೆಗೆ ಹೋಗಿ ಕಬ್ಬಿಗೆ ನೀರು ಬಿಡಬಹುದು. ಎಷ್ಟು ಜನ ಆಮೆನ್ ಹೇಳ್ತೀರಿ? ಆಮೆನ್.

ಈಗ ನಿಧಾನ ಮಾಡಿ. ಆ ಮಾತು ಯಾವಾಗ ಬಂತು, ಯಾರಿಗೆ ಬಂತು? ಬೈಬಲ್ ತೆರೆದು ನೋಡಿ. ಆ ರಾತ್ರಿ ಯೇಸುವನ್ನು ಹಿಡಿದುಕೊಂಡು ಹೋಗ್ತಾರೆ. ಶಿಷ್ಯರು ಹೆದರಿದ್ದಾರೆ. ನೀನು ಎಲ್ಲಿಗೆ ಹೋಗ್ತೀಯೋ ಗೊತ್ತಿಲ್ಲ, ಹಾಗಿದ್ದ ಮೇಲೆ ದಾರಿ ಹೇಗೆ ಗೊತ್ತಾಗಬೇಕು ಅಂತ ತೋಮ ಕೇಳ್ತಾನೆ. ಕತ್ತಲಲ್ಲಿ ಮಗು ಅಪ್ಪನ ಅಂಗಿ ಹಿಡಿದು ಕೇಳ್ತದಲ್ಲ, ಹಾಗೆ. ಆಗ ಬಂದ ಉತ್ತರ ಅದು, ಹೆದರಬೇಡ, ನಿನ್ನ ಜೊತೆ ಇದ್ದವನೇ ದಾರಿ ಅಂತ. ಕರ್ತನು ಅದನ್ನು ಬೇರೆ ಮತದವರ ಓಣಿಯಲ್ಲಿ ನಿಂತು ಮೈಕಿನಲ್ಲಿ ಕೂಗಿದ್ದಲ್ಲ. ಅಪೊಸ್ತಲರ ಕೃತ್ಯ 4ರಲ್ಲಿಯೂ ಅಷ್ಟೇ, ಪೇತ್ರ ಕೈದಿ. ಹಿಂದಿನ ರಾತ್ರಿ ಸೆರೆಯಲ್ಲಿದ್ದವನು ಅಧಿಕಾರಿಗಳ ಮುಂದೆ ನಿಂತು ಹೇಳಿದ ಮಾತು. ಅವನ ಹಿಂದೆ ಜನಬಲ ಇರಲಿಲ್ಲ, ಪೊಲೀಸ್ ಇರಲಿಲ್ಲ. ಬಲ ಇಲ್ಲದವನ ಬಾಯಲ್ಲಿ ಬಂದ ಸಾಕ್ಷಿಯನ್ನು ನಾವು ಬಲದ ಮಾತು ಮಾಡಿಕೊಂಡಿದ್ದೇವೆ. ಅದೂ ನಾವು! 2011ರ ಜನಗಣತಿ ನೋಡಿ, ಇಡೀ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ.

ನಾವು ಯಾರ ನಡುವೆ ಈ ಮಾತು ಹೇಳ್ತಿದ್ದೇವೆ ಅನ್ನೋದೂ ಮುಖ್ಯ. ನಮ್ಮ ಈ ಐದು ತಾಲೂಕು ಸಾಧಾರಣ ನೆಲ ಅಲ್ಲ, ಪ್ರಿಯರೇ. ನಿಪ್ಪಾಣಿ ಕಡೆ ಭೋಜ ಇದೆ, ಆಚಾರ್ಯ ಶಾಂತಿಸಾಗರ ಮಹಾರಾಜರ ಊರು. 1955ರಲ್ಲಿ ಕುಂಥಲಗಿರಿಯಲ್ಲಿ ಅವರೂ ಸಲ್ಲೇಖನದಿಂದಲೇ ದೇಹ ಬಿಟ್ಟರು. ಕಾಗವಾಡ ತಾಲೂಕಿನ ಶೇಡಬಾಳದಿಂದ ಆಚಾರ್ಯ ವಿದ್ಯಾನಂದರು ಹೊರಟರು. ಅಥಣಿಯಲ್ಲಿ ಗಚ್ಚಿನಮಠದ ಮುರುಘೇಂದ್ರ ಶಿವಯೋಗಿಗಳು, 1921ರಲ್ಲಿ ಲಿಂಗೈಕ್ಯರಾದವರು, ಇವತ್ತಿಗೂ ಅಲ್ಲಿಯ ಮನೆಮನೆಯಲ್ಲಿ ಅವರ ಫೋಟೋ. ಚಿಕ್ಕೋಡಿಗೆ ಯಡೂರ ವೀರಭದ್ರ, ರಾಯಬಾಗಕ್ಕೆ ಚಿಂಚಲಿ ಮಾಯಕ್ಕ. ಇಂಥ ನೆಲದಲ್ಲಿ ನಿಂತು, ಇವರೆಲ್ಲ ಏನೂ ತಿಳಿಯದ ಜನ ಅನ್ನೋ ಧಾಟಿಯಲ್ಲಿ ಒಬ್ಬ ಹುಡುಗ ಮಾತಾಡಿದ್ರೆ, ಅವನು ಊರನ್ನೇ ನೋಡಿಲ್ಲ ಅಂತ ಅರ್ಥ. ನಮ್ಮಲ್ಲಿ ಮೂರು ದಿನ ಉಪವಾಸ ಪ್ರಾರ್ಥನೆ ಅಂದ್ರೆ ಎರಡನೇ ದಿನಕ್ಕೆ ಯಾರ್ಯಾರ ಬ್ಯಾಗಿನಲ್ಲಿ ಬಿಸ್ಕೀಟ್ ಇರ್ತದೆ ಅಂತ ನನಗೆ ಗೊತ್ತು. ನಗಬೇಡಿ, ನನ್ನ ಬ್ಯಾಗಿನಲ್ಲೂ ಇತ್ತು.

ಹಾಗಾದ್ರೆ ಸುಲಭದ ಉತ್ತರ ಕೊಡೋಣವಾ? ಆಫೀಸಿನಲ್ಲಿ, ಕಾಲೇಜಿನಲ್ಲಿ ನೀವು ಕೊಡುವ ಉತ್ತರ. "ಎಲ್ಲಾ ನದಿ ಸಮುದ್ರಕ್ಕೇ ಹೋಗ್ತಾವ, ಎಲ್ಲಾ ದಾರಿ ಒಂದೇ." ಕೇಳೋಕೆ ಛಲೋ. ಜಗಳ ಇಲ್ಲ, ಲಂಚ್ ಒಟ್ಟಿಗೇ ಆಗ್ತದೆ. ಆದರೆ ಆ ಸದಲಗಾದ ಹುಡುಗಿಗೆ ಹಾಗೆ ಹೇಳಿ ನೋಡಿ. "ನಿಮ್ಮ ಮಹಾರಾಜರೂ ನಮ್ಮ ಯೇಸುವಿನ ಹತ್ರಾನೇ ಹೋಗಿದ್ದಾರ" ಅಂತ. ಅವಳಿಗೆ ಸಮಾಧಾನ ಆಗೋದಿಲ್ಲ, ಅವಮಾನ ಆಗ್ತದೆ. ಯಾಕಂದ್ರೆ ಜೈನರ ಮೋಕ್ಷ ಅಂದ್ರೆ ಯಾವುದೋ ದೇವರು ಬಂದು ಕರಕೊಂಡು ಹೋಗೋದಲ್ಲ. ಅವರಲ್ಲಿ ಹಾಗೆ ಕರಕೊಂಡು ಹೋಗುವ ಸೃಷ್ಟಿಕರ್ತನೇ ಇಲ್ಲ. ಆತ್ಮಕ್ಕೆ ಅಂಟಿದ ಕರ್ಮವನ್ನು ಆತ್ಮವೇ ತಪಸ್ಸಿನಿಂದ ಕಳಚಿಕೊಳ್ಳಬೇಕು. ತೀರ್ಥಂಕರರು ದಾಟುವ ಜಾಗ ತೋರಿಸ್ತಾರೆ, ದಾಟೋದು ಮಾತ್ರ ನೀನೇ. ಇನ್ನೊಂದು ಗಮನಿಸಿ. ಸತ್ಯಕ್ಕೆ ಹಲವು ಮುಖ ಇದೆ ಅನ್ನೋ ಅನೇಕಾಂತವಾದ ಅವರದ್ದೇ. ಆದರೂ ಮೋಕ್ಷಕ್ಕೆ ದಾರಿ ಯಾವುದು ಅಂತ ಕೇಳಿದ್ರೆ ಅವರೂ ರತ್ನತ್ರಯ ಬಿಟ್ಟು ಇನ್ನೊಂದನ್ನು ಹೇಳೋದಿಲ್ಲ. ಹಾಗಾಗಿ "ನಿಮ್ಮವರು ಮಾತ್ರ ಒಂದೇ ದಾರಿ ಅಂತೀರಿ" ಅಂತ ಯಾರಾದ್ರೂ ಅಂದ್ರೆ ಗಾಬರಿ ಆಗಬೇಡಿ. ಗಟ್ಟಿಯಾಗಿ ನಂಬಿದವರೆಲ್ಲ ಒಂದು ದಾರಿ ಹಿಡಿದೇ ನಡೀತಾರೆ.

ನಮ್ಮ ಮಾತು ಬೇರೆ. ನಾವು ರಕ್ಷಣೆ ಅಂತೀವಿ. ಈ ಪದ ನಿಮಗೆ ಚೆನ್ನಾಗಿ ಗೊತ್ತು, 2019ರ ಆಗಸ್ಟ್ ನೋಡಿದವರು ನೀವು. ಕೃಷ್ಣೆ ಉಕ್ಕಿ ಮಾಂಜರಿ, ಇಂಗಳಿ, ಯಡೂರಿಗೆ ನೀರು ನುಗ್ಗಿದಾಗ ಪೇಪರಿನಲ್ಲಿ ದಿನಾ ಬರ್ತಿತ್ತಲ್ಲ, ಇಷ್ಟು ಜನರ ರಕ್ಷಣೆ ಅಂತ. ಮಾಳಿಗೆ ಮೇಲೆ ಕೂತವನು ತಾನಾಗಿ ಬರಲಿಲ್ಲ, ಬೋಟ್ ಅವನ ಹತ್ರ ಹೋಯ್ತು. ಈಜು ಬಲ್ಲವನು, ಬಾರದವನು, ಇಬ್ಬರೂ ಬೋಟಿನಲ್ಲೇ ಬಂದರು. ನಮ್ಮ ಸುವಾರ್ತೆ ಇಷ್ಟೇ. ಮನುಷ್ಯ ಎಷ್ಟೇ ದೊಡ್ಡ ಈಜುಗಾರ ಆಗಿರಲಿ, ಪಾಪದ ಈ ಪ್ರವಾಹ ಈಜಿ ದಾಟುವಂಥದ್ದಲ್ಲ, ಅದಕ್ಕೇ ದೇವರೇ ಇಳಿದು ಬಂದನು ಅಂತ. ಶಿಲುಬೆ ಅಂದ್ರೆ ಅದು. ವಿದ್ಯಾಸಾಗರರ ತಪಸ್ಸು ಸಣ್ಣದು ಅಂತ ನಾನು ಹೇಳ್ತಿಲ್ಲ. ಅದು ನನಗಿಂತ ಎಷ್ಟೋ ದೊಡ್ಡದು. ನನ್ನ ತಪಸ್ಸಿನಿಂದ ಆಗೋದಾಗಿದ್ರೆ ನಾನಂತೂ ಮುಳುಗಿ ಹೋಗಿದ್ದೆ ಅಂತ ಹೇಳ್ತಿದ್ದೇನೆ.

ಇಲ್ಲಿ ನಮ್ಮವರು ಒಂದು ತಪ್ಪು ಮಾಡ್ತೀವಿ. ಬೋಟಿನಲ್ಲಿ ಹತ್ತಿ ಕೂತ ಕೂಡಲೇ ನಾವೇ ಬೋಟ್ ನಡೆಸ್ತಿದ್ದೇವೆ ಅಂತ ತಿಳ್ಕೊಳ್ತೀವಿ. ಇನ್ನೂ ಮಾಳಿಗೆ ಮೇಲಿದ್ದವರ ಲೆಕ್ಕ ಬರೀತೀವಿ, ಇವನು ಉಳೀತಾನ, ಅವನು ಹೋದ. ಯೇಸು ಒಬ್ಬನೇ ಮಾರ್ಗ ಅಂತ ಬೈಬಲ್ ಹೇಳ್ತದೆ. ನಮ್ಮ ಸಭೆ ಒಂದೇ ಮಾರ್ಗ ಅಂತ ಹೇಳೋದಿಲ್ಲ. ಕ್ರೈಸ್ತ ಮತ ಅನ್ನೋ ಹೆಸರು ಮಾರ್ಗ ಅಂತಲೂ ಹೇಳೋದಿಲ್ಲ. ಮತ್ತಾಯ 7ರಲ್ಲಿ ಕರ್ತನು ಯಾರನ್ನು ಹೊರಗೆ ಕಳಿಸ್ತಾನೆ ನೋಡಿ. ಆತನ ಹೆಸರಿನಲ್ಲಿ ಪ್ರವಾದನೆ ಹೇಳಿದವರನ್ನ, ದೆವ್ವ ಬಿಡಿಸಿದವರನ್ನ, ಅದ್ಭುತ ಮಾಡಿದವರನ್ನ. ಯಾರವರು? ಬಸದಿಗೆ ಹೋಗುವವರಲ್ಲ, ಮಠಕ್ಕೆ ಹೋಗುವವರಲ್ಲ. ಈ ವರ್ಣನೆ ಪೆಂತೆಕೋಸ್ತ್ ಸಭೆಗೆ ಅಂತಲೇ ಹೊಲಿಸಿದ ಅಂಗಿ ಹಾಗಿದೆ. ಆಮೆನ್ ಈಗ ಸ್ವಲ್ಪ ಸಣ್ಣಗೆ ಬಂತು.

ಈಗ ನನ್ನ ವಿಷಯ ಹೇಳ್ತೀನಿ.

ನಮ್ಮ ಆಯಿ, ನನ್ನ ಅವ್ವನ ಅವ್ವ, ರಾಯಬಾಗ ತಾಲೂಕಿನ ಒಂದು ಹಳ್ಳಿಯಲ್ಲಿದ್ಳು. ಪ್ರತಿ ವರ್ಷ ಭಾರತ ಹುಣ್ಣಿಮೆಗೆ ಚಿಂಚಲಿಗೆ ಹೋಗೋಳು. ಹಣೆ ತುಂಬ ಭಂಡಾರ. ನಾನು ಪಿಯುಸಿಯಲ್ಲಿದ್ದಾಗ ಕರ್ತನನ್ನು ನಂಬಿದೆ, ಮನೆಯಲ್ಲಿ ದೊಡ್ಡ ಗಲಾಟೆ. ಬೈಬಲ್ ಕಾಲೇಜಿಗೆ ಹೊರಟ ದಿನ ಯಾರೂ ಬಾಗಿಲಿಗೆ ಬರಲಿಲ್ಲ. ಆಯಿ ಒಬ್ಬಳೇ ಹಿತ್ತಲ ಕಡೆಯಿಂದ ಬಂದು ಸೆರಗಿನ ತುದಿಗೆ ಕಟ್ಟಿದ್ದ ಗಂಟು ಬಿಚ್ಚಿ ಇನ್ನೂರು ರೂಪಾಯಿ ಕೊಟ್ಳು. "ಬಸ್ಸಿಗೆ ಇರ್ಲಿ ತಮ್ಮಾ" ಅಂದ್ಳು. ನಾನು ಅದನ್ನು ಬಸ್ ಚಾರ್ಜು ಅಂತಲೇ ತಿಳ್ಕೊಂಡೆ.

ಎರಡನೇ ವರ್ಷದಲ್ಲಿ ಆಯಿ ತೀರಿಕೊಂಡ್ಳು. ಮಣ್ಣಿಗೆ ಬಂದೆ. ಆಗ ನನಗೆ ಇಪ್ಪತ್ತೊಂದು, ಎಲ್ಲದಕ್ಕೂ ವಚನ ಬಾಯಿಪಾಠ. ಅವ್ವ ಅಳ್ತಾ ಅಂದ್ಳು, "ನಮ್ಮವ್ವಗ ದೇವರು ಛಲೋ ಜಾಗಾ ಕೊಡ್ಲಿ." ನಾನು ಆ ಮಣ್ಣಿನ ಮನೆಯಲ್ಲಿ, ಆ ಹೊತ್ತಿನಲ್ಲಿ, ನಂಬದೆ ಸತ್ತವರಿಗೆ ಯಾವ ಜಾಗ ಅಂತ ವಿವರಿಸಿದೆ. ಅವ್ವನಿಗೆ. ಸತ್ಯ ಹೇಳ್ತಿದ್ದೇನೆ, ಧೈರ್ಯ ತೋರಿಸ್ತಿದ್ದೇನೆ ಅಂತ ಅಂದುಕೊಂಡಿದ್ದೆ. ಅವ್ವ ಅಳು ನಿಲ್ಲಿಸಿ ನನ್ನ ನೋಡಿ ಕೇಳಿದ್ಳು, "ನಿನ್ನ ಯೇಸು ಹೇಳಿ ಕಳಿಸ್ಯಾನೇನು ನಿನಗ?" ಅಷ್ಟೇ. ಆಮೇಲೆ ಬಹಳ ವರ್ಷ ನನ್ನ ಜೊತೆ ದೇವರ ವಿಷಯ ಅವಳು ಎತ್ತಲಿಲ್ಲ.

ನಾಲ್ಕೈದು ವರ್ಷದ ಹಿಂದೆ, ನನ್ನ ಮಗಳು ಹುಟ್ಟಿದ ವಾರ, ಅವ್ವ ತಾನಾಗಿ ಒಂದು ಮಾತು ಹೇಳಿದ್ಳು. ಅವಳು ಹುಟ್ಟುವಾಗ ಆಯಿಗೆ ಎರಡು ರಾತ್ರಿ ಹೆರಿಗೆ ಆಗಿರಲಿಲ್ಲವಂತೆ. ಗಾಡಿ ಕಟ್ಟಿಕೊಂಡು ಹೋಗಿ, ರೈಲು ಹಿಡಿದು ಮಿರಜ್ ಮಿಷನ್ ದವಾಖಾನಿಗೆ ಒಯ್ದರು. ಡಾಕ್ಟರ್ ವ್ಯಾನ್ಲೆಸ್ 1894ರಲ್ಲಿ ಶುರು ಮಾಡಿದ ದವಾಖಾನಿ, ನಮ್ಮ ಕಡೆಯವರಿಗೆ ಬಹಳ ಕಾಲ ಅದೇ ದೊಡ್ಡ ದವಾಖಾನಿ ಆಗಿತ್ತು. ಅಲ್ಲಿ ಒಬ್ಬ ನರ್ಸಬಾಯಿ ರಾತ್ರಿ ಎಲ್ಲ ಆಯಿಯ ಕೈ ಹಿಡಿದು ಮರಾಠಿಯಲ್ಲಿ ಯೇಸುವಿನ ಹೆಸರು ಹೇಳಿ ಪ್ರಾರ್ಥನೆ ಮಾಡಿದಳಂತೆ. ಬೆಳಗ್ಗೆ ಅವ್ವ ಹುಟ್ಟಿದ್ಳು. ಅವತ್ತಿನಿಂದ ಸಾಯೋ ತನಕ ಆಯಿ ದಿನಾ ರಾತ್ರಿ ಮಲಗುವ ಮುಂಚೆ ಮಿರಜ್ ದಿಕ್ಕಿಗೆ ತಿರುಗಿ ಕೈ ಮುಗಿಯೋಳು. "ದವಾಖಾನಿ ದೇವರಿಗೆ" ಅಂತಿದ್ದಳಂತೆ. ನಾನು ಬೈಬಲ್ ಕಾಲೇಜಿಗೆ ಹೋಗ್ತೀನಿ ಅಂದಾಗ ಮನೆಯಲ್ಲಿ ಎಲ್ಲರೂ ಬೈದರೆ, "ಅಂವ ನನ್ನ ಮಿರಜ್ ದೇವರ ಕಡೆ ಹೊಂಟಾನ, ಹೋಗ್ಲಿ ಬಿಡ್ರಿ" ಅಂದವಳು ಅವಳೊಬ್ಬಳೇ.

ಇನ್ನೂರು ರೂಪಾಯಿ ಬಸ್ ಚಾರ್ಜು ಆಗಿರಲಿಲ್ಲ, ಪ್ರಿಯರೇ.

ಹಾಗಂತ ಆಯಿ ರಕ್ಷಣೆ ಹೊಂದಿದ್ಳು ಅಂತ ನಾನು ಈಗ ಸರ್ಟಿಫಿಕೇಟ್ ಕೊಡ್ತೀನಾ? ಇಲ್ಲ. ಚಿಂಚಲಿಗೂ ಹೋಗ್ತಿದ್ಳು, ಮಿರಜ್ ಕಡೆಗೂ ಕೈ ಮುಗೀತಿದ್ಳು. ನಾನು ಆಗ ನರಕದ ಸರ್ಟಿಫಿಕೇಟ್ ಬರೆದದ್ದು ತಪ್ಪು. ಈಗ ಮನಸ್ಸಿಗೆ ಹಿತ ಅಂತ ಪರಲೋಕದ ಸರ್ಟಿಫಿಕೇಟ್ ಬರೆದ್ರೂ ಅದೇ ತಪ್ಪು. ಬರೆಯುವ ಪೆನ್ನು ನನ್ನ ಕೈಗೆ ಯಾರೂ ಕೊಟ್ಟಿಲ್ಲ. ಸೋದೋಮಿನ ಮುಂದೆ ಅಬ್ರಹಾಮನು ದೇವರ ಜೊತೆ ವಾದ ಮಾಡುವಾಗ, ಆದಿಕಾಂಡ 18:25ರಲ್ಲಿ, ಲೋಕಕ್ಕೆಲ್ಲ ನ್ಯಾಯ ತೀರಿಸುವವನು ಅನ್ಯಾಯ ಮಾಡೋದಿಲ್ಲ ಅನ್ನೋದನ್ನೇ ಹಿಡ್ಕೊಂಡು ನಿಂತ. ನಾನೂ ಅದನ್ನೇ ಹಿಡ್ಕೊಂಡಿದ್ದೇನೆ. ಆ ಅಬ್ರಹಾಮನೇ ನೋಡಿ, ಯೇಸು ಅನ್ನೋ ಹೆಸರು ಕೇಳಿದವನಲ್ಲ, ದೀಕ್ಷಾಸ್ನಾನ ತಗೊಂಡವನಲ್ಲ. ಆದರೂ ರೋಮಾಪುರದವರಿಗೆ ಬರೆದ ಪತ್ರದ 4ನೇ ಅಧ್ಯಾಯ ಅವನನ್ನೇ ನಂಬಿಕೆಯವರ ತಂದೆ ಅನ್ನುತ್ತೆ. ಅವನೂ ಕ್ರಿಸ್ತನ ರಕ್ತದಿಂದಲೇ ರಕ್ಷಣೆ ಹೊಂದಿದವನು, ಬೇರೆ ದಾರಿಯಿಂದಲ್ಲ. ದಾರಿ ಒಂದೇ. ಆ ದಾರಿ ಎಷ್ಟು ದೂರದವರೆಗೆ ಚಾಚಿಕೊಂಡಿದೆ ಅಂತ ಅಳೆಯೋದು ನನ್ನ ಕೆಲಸ ಅಲ್ಲ.

ಯಾರೋ ಒಬ್ಬ ಯೇಸುವನ್ನೇ ಕೇಳಿದ, ರಕ್ಷಣೆ ಹೊಂದುವವರು ಸ್ವಲ್ಪ ಜನವೇನು ಅಂತ. ಲೂಕ 13:23. ಕರ್ತನು ಸಂಖ್ಯೆ ಹೇಳಿದನಾ? ಇಲ್ಲ. ಬಾಗಿಲು ಇಕ್ಕಟ್ಟಾಗಿದೆ, ನೀನು ಒಳಗೆ ಬರೋಕೆ ಹೆಣಗು ಅಂದ. ಪ್ರಶ್ನೆ ಕೇಳಿದವನ ಕಡೆಗೇ ತಿರುಗಿಸಿದ.

"ಹಾಗಾದ್ರೆ ಸುವಾರ್ತೆ ಹೇಳೋದು ಯಾಕೆ ಪಾಸ್ಟರ್? ದೇವರು ನೋಡ್ಕೊಳ್ತಾನ ಬಿಡ್ರಿ" ಅಂತ ಕೆಲವರು ಕೇಳ್ತೀರಿ. ಕೊರ್ನೇಲ್ಯನ ಹತ್ರ ಬನ್ನಿ, ಅಪೊಸ್ತಲರ ಕೃತ್ಯ 10. ರೋಮ್ ಸೈನ್ಯದ ಶತಾಧಿಪತಿ, ಯೆಹೂದ್ಯನಲ್ಲ. ಅವನ ಪ್ರಾರ್ಥನೆ, ಅವನ ದಾನಧರ್ಮ ದೇವರ ಮುಂದೆ ಮುಟ್ಟಿವೆ ಅಂತ ದೂತನೇ ಹೇಳ್ತಾನೆ. ಇನ್ನೂ ಪೇತ್ರನ ಮುಖ ನೋಡುವ ಮುಂಚೆ! ಸಭೆಗೆ ಗೊತ್ತಿಲ್ಲದ ಕೊರ್ನೇಲ್ಯನ ಮನೆ ದೇವರಿಗೆ ಗೊತ್ತಿತ್ತು. ಆದರೆ ದೂತನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಯೊಪ್ಪಕ್ಕೆ ಆಳು ಕಳಿಸು, ಪೇತ್ರನನ್ನು ಕರೆಸು ಅಂದ. 11ನೇ ಅಧ್ಯಾಯ 14ನೇ ವಚನ ನೋಡಿದ್ರೆ, ಅವನ ಮನೆಯವರೆಲ್ಲರ ರಕ್ಷಣೆಗೆ ಬೇಕಾದ ಮಾತು ಪೇತ್ರನ ಬಾಯಿಂದ ಬರಬೇಕಿತ್ತು. ಭಕ್ತಿ ಇತ್ತು, ದಾನ ಇತ್ತು, ಆದರೂ ಯೇಸುವಿನ ಸುದ್ದಿ ಬೇಕಿತ್ತು. ಅದಕ್ಕೇ ನಾನು ಸುಮ್ಮನೆ ಕೂರೋದಿಲ್ಲ.

ಆ ಅಧ್ಯಾಯದಲ್ಲಿ ಹೆಚ್ಚು ಬದಲಾದವನು ಯಾರು ಹೇಳಿ? ಪೇತ್ರ. ಅನ್ಯರ ಮನೆ ಹೊಸ್ತಿಲು ದಾಟದವನು ದಾಟಿದ. ದೇವರು ಪಕ್ಷಪಾತಿ ಅಲ್ಲ ಅಂತ ಆಗ ಗೊತ್ತಾಯ್ತು ಅಂತ ತಾನೇ ಒಪ್ಪಿಕೊಂಡ. ಮಾತು ಮುಗಿಯುವ ಮುಂಚೆಯೇ ಪವಿತ್ರಾತ್ಮನು ಆ ಮನೆಯವರ ಮೇಲೆ ಇಳಿದ. ದೀಕ್ಷಾಸ್ನಾನ ಆಮೇಲೆ. ಕೈ ಇಟ್ಟು ಪ್ರಾರ್ಥಿಸೋಕೂ ಪೇತ್ರನಿಗೆ ಸಮಯ ಸಿಗಲಿಲ್ಲ. ಹಲ್ಲೆಲೂಯಾ!

ಇಂಥ ಮಾತಿಗೆ ಜನ ಸಿಟ್ಟಾಗ್ತಾರೆ, ಅದೂ ಬರೆದಿದೆ. ಲೂಕ 4ರಲ್ಲಿ ಯೇಸು ತನ್ನ ಸ್ವಂತ ಊರಿನವರಿಗೆ, ಎಲೀಯನ ಕಾಲದ ಬರದಲ್ಲಿ ದೇವರು ಹೊರಗಿನ ವಿಧವೆಯ ಮನೆಗೆ ಪ್ರವಾದಿಯನ್ನು ಕಳಿಸಿದ, ಸಿರಿಯಾದ ನಾಮಾನನ ಕುಷ್ಠ ವಾಸಿ ಮಾಡಿದ ಅಂದ. ಅಷ್ಟಕ್ಕೇ ಆತನನ್ನು ಗುಡ್ಡದಿಂದ ತಳ್ಳೋಕೆ ಹೋದರು. ದೇವರು ನಮ್ಮವನು ಅಂತ ಅವರು ನಂಬಿದ್ದರು. ನಾವು ದೇವರವರು ಅನ್ನೋದನ್ನು ಮರೆತಿದ್ದರು.

ಒಂದು ತಿಂಗಳ ಮೇಲೆ ನಾನು ಆ ತಂಗಿಗೆ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ. ಆಮೇಲೆ ಹೀಗೆ ಹೇಳಿದೆ: ಅವಳು ಅಳುವಾಗ ನಿನಗೆ ಉತ್ತರ ಬಾಯಿಗೆ ಬರಲಿಲ್ಲವಲ್ಲ, ಅದು ದೇವರ ಕೃಪೆ, ನನಗೆ ಅಂಥ ಹೊತ್ತಿನಲ್ಲಿ ಬಂದಿತ್ತು. ಈಗ ಹೋಗಿ ಮಹಾರಾಜರ ಬಗ್ಗೆ ಅವಳನ್ನೇ ಕೇಳು. ಅವರನ್ನು ನೋಡಿದ್ದಿಯೇನು, ಮನೆಯವರು ಏನು ಹೇಳ್ತಾರೆ ಅಂತ. ಪೂರ್ತಿ ಕೇಳಿಸ್ಕೋ. ಅವಳು ಮತ್ತೆ ಅದೇ ಪ್ರಶ್ನೆ ಕೇಳಿದ್ರೆ, ಅವರು ಎಲ್ಲಿದ್ದಾರೆ ಅಂತ ಹೇಳುವ ಅಧಿಕಾರ ನನಗಿಲ್ಲ ಅಂತ ನೇರವಾಗಿ ಹೇಳು. ಜಾರಿಕೊಳ್ಳೋ ದನಿಯಲ್ಲಿ ಬೇಡ. ಆಮೇಲೆ ನಿನ್ನ ಕಥೆ ಹೇಳು. ನಿನಗೆ ಯೇಸು ಏನು ಮಾಡಿದ, ನೀನು ಯಾಕೆ ಬೇರೆ ಯಾರ ಕಡೆಗೂ ನೋಡೋದಿಲ್ಲ ಅಂತ. ಅದನ್ನು ಮುಚ್ಚಿಡಬೇಡ, ಮುಚ್ಚಿಟ್ಟರೆ ಅದು ಗೆಳೆತನ ಅಲ್ಲ. ಒತ್ತಾಯ ಮಾಡಬೇಡ. ಕೇಳಿದ ಮೇಲೆ ಅವಳು ಏನು ಮಾಡ್ತಾಳೋ ಅದು ಅವಳಿಗೂ ದೇವರಿಗೂ ಬಿಟ್ಟದ್ದು.

ಅವಳು ಮಾಡಿದ್ಳಂತೆ. ಆ ಹುಡುಗಿ ಎರಡು ಗಂಟೆ ಮಾತಾಡಿದಳಂತೆ, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳಂತೆ: "ನಿಮ್ಮ ದೇವರು ತಾನೇ ಯಾಕ ಸಾಯಬೇಕಿತ್ತು?" ನಮ್ಮ ತಂಗಿ ಮತ್ತೆ ನನಗೆ ಮೆಸೇಜ್ ಹಾಕಿದ್ದಾಳೆ. ಈ ಸಲ ನಾನು ತಿಂಗಳು ತಗೊಳ್ಳಲಿಲ್ಲ. ಮುಂದಿನ ಭಾನುವಾರದ ವಾಕ್ಯ ಅದೇ, ಯೆಶಾಯ 53 ಓದಿಕೊಂಡು ಬನ್ನಿ.

ಎದ್ದು ನಿಲ್ಲೋಣ. ಪ್ರಾರ್ಥನೆ ಮಾಡೋಣ.

ಪರಲೋಕದ ತಂದೆಯೇ, ಸ್ತೋತ್ರ. ಪುಣೆಯ ಆ ರೂಮಿನಲ್ಲಿರುವ ಇಬ್ಬರು ಹುಡುಗಿಯರನ್ನು ನಿನ್ನ ಕೈಗೆ ಒಪ್ಪಿಸ್ತೇವೆ ಕರ್ತನೇ. ಸದಲಗಾದಲ್ಲಿ ಇನ್ನೂ ದುಃಖದಲ್ಲಿರುವ ಮನೆಗಳಿಗೆ ಸಮಾಧಾನ ಕೊಡು. ಮಿರಜಿನ ಆ ನರ್ಸಬಾಯಿಗಾಗಿ ನಿನಗೆ ಸ್ತೋತ್ರ, ಅವಳ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತಿದೆ. ನನ್ನ ಅವ್ವ ಇವತ್ತೂ ಸಭೆಗೆ ಬಂದಿಲ್ಲ ತಂದೆಯೇ. ನನ್ನ ಬಾಯಿಂದ ಮುಚ್ಚಿದ ಬಾಗಿಲನ್ನು ನೀನು ತೆರೆ. ಯೇಸು ಕ್ರಿಸ್ತನ ನಾಮದಲ್ಲಿ ಬೇಡುತ್ತೇವೆ, ಆಮೆನ್.